ತಾಳವಾಡಿಯಲ್ಲಿ ಸುಟ್ಟ ಕಾಡಿನಂಚಿನ ನಡಿಗೆ: ಹೋಗಬಹುದೇ?

ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಭಾಗದ ಖಾಸಗಿ ಸೇವೆಯೊಂದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಹೊರ ಅಂಚಿನಲ್ಲಿ ನಡೆಸುವ ಮೂರು ಗಂಟೆಗಳ ನಡಿಗೆಗೆ ಕಳೆದ ಏಪ್ರಿಲ್‌ನಲ್ಲಿ ಹೋಗಿದ್ದೆ. ಕಾಡ್ಗಿಚ್ಚು ಹಾದುಹೋದ ನೆಲವನ್ನು ತೋರಿಸಿ, ಯಾವ ಜೀವಿಗೆ ಏನಾಗುತ್ತದೆ ಎಂಬುದನ್ನು ವಿವರಿಸುವುದು ಇದರ ಉದ್ದೇಶ. ತಲೆಗೆ 400 ರೂಪಾಯಿ.

ಈ ನಡಿಗೆಯ ಬೆಲೆಯೆಲ್ಲ ಮಾರ್ಗದರ್ಶಕರಾದ ಸೋಲಿಗ ಬುಡಕಟ್ಟಿನ ಹಿರಿಯರೊಬ್ಬರಲ್ಲಿದೆ. ಆನೆ, ಕಾಟಿ, ಜಿಂಕೆಗಳು ಹೊಗೆಯ ವಾಸನೆ ಹಿಡಿದು ಸರಿದುಹೋಗುತ್ತವೆ, ಮೇವು ನೀರು ಸಿಗದ ಮುಂದಿನ ವಾರಗಳೇ ಅವಕ್ಕೆ ಕಠಿಣ ಎಂದು ಅವರು ತಿಳಿಸಿದರು. ಓಡಲಾರದ ನಕ್ಷತ್ರ ಆಮೆ, ನೆಲದಲ್ಲೇ ಮೊಟ್ಟೆಯಿಡುವ ಕಾಡುಕೋಳಿ ಮತ್ತು ಗೌಜಲಹಕ್ಕಿಗಳ ಪಾಡು ಬೇರೆ. ಹುಲ್ಲಿನ ಬೆಂಕಿ ಬೇಗ ಸರಿದರೆ ಕೆಲವೇ ಅಂಗುಲ ಕೆಳಗಿನ ಮಣ್ಣು ಹೆಚ್ಚು ಕಾಯದಿರುವುದರಿಂದ ಬಿಲದ ಇಲಿ, ಚೇಳುಗಳು ಉಳಿಯುತ್ತವೆ. ಆದರೆ ಮರೆಯಿಲ್ಲದ ಬೂದಿಯ ನೆಲದಲ್ಲಿ ಹದ್ದು, ಗೂಬೆಗಳಿಗೆ ಸುಲಭವಾಗಿ ತುತ್ತಾಗುತ್ತವೆ. ಕಾಜಾಣ, ನೀಲಕಂಠಗಳಂತೂ ಉರಿಯ ಅಂಚಿನಲ್ಲೇ ಕುಳಿತು, ಹಾರಿ ಬರುವ ಕೀಟಗಳನ್ನು ಹಿಡಿಯುತ್ತವೆ. ಹಿಂದೆ ತಮ್ಮವರು ಬೇಸಿಗೆ ಬಲಿಯುವ ಮುನ್ನವೇ ಹಾಕುತ್ತಿದ್ದ ಸಣ್ಣ ತರಗು ಬೆಂಕಿ ಬೇರೆ, ಲಂಟಾನ ಎಂಬ ಕಳೆಪೊದೆ ಒಣಗಿ ಮರದ ತುದಿಯವರೆಗೆ ಏರುವ ಇಂದಿನ ಉರಿ ಬೇರೆ ಎಂದು ಅವರು ಎರಡು ಬುಡಗಳನ್ನು ತೋರಿಸಿ ಹೇಳಿದ್ದು ನನಗೆ ಇಡೀ ದಿನದ ಸಾರವಾಗಿತ್ತು. ಒಂದರಲ್ಲಿ ತೊಗಟೆಯಷ್ಟೇ ಕರಿಯಾಗಿತ್ತು; ಇನ್ನೊಂದರ ಪೊಟರೆ ಪೂರ್ತಿ ಸುಟ್ಟಿತ್ತು, ಅಂದರೆ ಗೂಬೆಗೂ ಹಾರುವ ಅಳಿಲಿಗೂ ಅಲ್ಲಿ ಇನ್ನು ಮನೆಯಿಲ್ಲ.

ಕೊರತೆಗಳೂ ಉಂಟು. ಆರಕ್ಕೆ ಎಂದು ತಿಳಿಸಿ ಎಂಟೂವರೆಗೆ ಹೊರಟಿದ್ದರಿಂದ ಹಕ್ಕಿಗಳು ಅಷ್ಟಾಗಿ ಕಾಣಲಿಲ್ಲ. ಕನ್ನಡ ಮಾತಾಡುವ ಊರಿನಲ್ಲಿ ಕೊಟ್ಟ ಕೈಪಿಡಿ ತಮಿಳು, ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು. ಅದರಲ್ಲಿ 2019–20ರ ಆಸ್ಟ್ರೇಲಿಯಾದ ಕಾಡ್ಗಿಚ್ಚಿಗೆ 300 ಕೋಟಿ ಪ್ರಾಣಿಗಳು ಸತ್ತವೆಂದು ಮುದ್ರಿಸಿದ್ದಾರೆ. ಆ ಅಂದಾಜು ಸತ್ತವುಗಳ ಜೊತೆಗೆ ನೆಲೆ ತಪ್ಪಿದವುಗಳನ್ನೂ ಒಳಗೊಂಡಿದ್ದು, ಅದರಲ್ಲಿ ಸುಮಾರು 246 ಕೋಟಿ ಸರೀಸೃಪಗಳೇ. ಈ ವಿವರ ಸೇರಿಸಿದ್ದರೆ ಆಮೆ, ಓತಿಕ್ಯಾತಗಳ ಬಗ್ಗೆ ಮಾರ್ಗದರ್ಶಕರು ಹೇಳಿದ್ದಕ್ಕೆ ಇನ್ನಷ್ಟು ಬಲ ಬರುತ್ತಿತ್ತು.

ಮಕ್ಕಳನ್ನು ಕರೆದೊಯ್ಯುವವರು ನೀರನ್ನು ತಾವೇ ಒಯ್ಯಬೇಕು, ದಾರಿಯಲ್ಲಿ ನೆರಳಿಲ್ಲ. ಮೊದಲ ಮಳೆಯ ಮರುವಾರ ಬಂದರೆ ಬೂದಿ ಕೊಚ್ಚಿಬಂದು ಕಪ್ಪಾದ ಹಳ್ಳವನ್ನೂ, ಅದರಲ್ಲಿ ಮೀನು ಹಾಗೂ ಗೊದಮೊಟ್ಟೆಗಳ ಪಾಡನ್ನೂ ತೋರಿಸುವುದಾಗಿ ಮಾರ್ಗದರ್ಶಕರು ಹೇಳಿದ್ದಾರೆ. ನಾನು ಆಗ ಮತ್ತೊಮ್ಮೆ ಹೋಗುವವನಿದ್ದೇನೆ.