ತಾರಸಿಯ ಮೇಲಿನ ಆರು ಸೌರ ಫಲಕಗಳು: ಹದಿನಾಲ್ಕು ತಿಂಗಳ ಬಳಕೆಯ ನಂತರ

ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ ಸೌರ ಫಲಕಗಳನ್ನು ಹಾಕಿಸಿ ಹದಿನಾಲ್ಕು ತಿಂಗಳಾದವು. ಬೇಸಿಗೆ, ಮಳೆಗಾಲ, ಚಳಿಗಾಲ ಮೂರನ್ನೂ ಕಂಡ ಮೇಲೆಯೇ ಬರೆಯಬೇಕೆಂದು ಇಷ್ಟು ದಿನ ಕಾದೆ. ಮೊದಲ ಬಿಲ್ಲು ಕೈಗೆ ಬಂದ ಸಂಭ್ರಮದಲ್ಲಿ ಬರೆದ ಮೆಚ್ಚುಗೆಯಿಂದ ಕೊಳ್ಳುವವರಿಗೆ ಅಷ್ಟಾಗಿ ಪ್ರಯೋಜನವಾಗುವುದಿಲ್ಲ ಎಂಬುದು, ನಾನೇ ಕೊಳ್ಳುವ ಮುನ್ನ ಅಂಥ ಹತ್ತಾರು ಬರಹಗಳನ್ನು ಓದಿದ ಅನುಭವದಿಂದ ನನಗೆ ತಿಳಿದಿತ್ತು.

ನಮ್ಮದು 540 ವ್ಯಾಟ್‌ನ ಆರು ಫಲಕಗಳೂ ಅವುಗಳ ವಿದ್ಯುತ್ತನ್ನು ಮನೆಬಳಕೆಗೆ ಒಗ್ಗುವಂತೆ ಬದಲಿಸುವ ಒಂದು ಇನ್ವರ್ಟರೂ ಇರುವ, ಗ್ರಿಡ್‌ಗೆ ಎಂದರೆ ಊರಿನ ವಿದ್ಯುತ್ ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆ. ಒಟ್ಟು ತಗಲಿದ್ದು 1,95,000 ರೂಪಾಯಿ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಯಿತು. ಉಳಿದದ್ದು ನಮ್ಮ ಕೈಯಿಂದ. ಮೊದಲು ತಿಂಗಳಿಗೆ ಸುಮಾರು 300 ಯೂನಿಟ್ ಬಳಸುತ್ತಿದ್ದ ನಮಗೆ ಈಗ ಹೆಚ್ಚಿನ ತಿಂಗಳುಗಳಲ್ಲಿ ನಿಗದಿತ ಶುಲ್ಕವಷ್ಟೇ ಬರುತ್ತಿದ್ದು, ಈ ಲೆಕ್ಕದಲ್ಲಿ ಹಾಕಿದ ಹಣ ಆರು ವರ್ಷದೊಳಗೆ ಮರಳುತ್ತದೆ. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೇ ಇದ್ದು ಶೂನ್ಯ ಬಿಲ್ಲು ಪಡೆಯುತ್ತಿರುವವರು ಉಳಿತಾಯಕ್ಕೆಂದು ಇದನ್ನು ಹಾಕಿಸುವ ಅಗತ್ಯವಿಲ್ಲ. ಇದನ್ನು ಮಾರುವವರು ತಾವಾಗಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಉತ್ಪಾದನೆಯ ವಿಷಯದಲ್ಲಿ ನನ್ನ ಒಂದು ನಂಬಿಕೆ ಸುಳ್ಳಾಯಿತು. ಬಿಸಿಲು ಸುಡುವ ಏಪ್ರಿಲ್‌ನಲ್ಲೇ ಅತಿ ಹೆಚ್ಚು ವಿದ್ಯುತ್ ಬರುತ್ತದೆಂದು ಎಣಿಸಿದ್ದೆ. ಆದರೆ ಫಲಕ ಕಾದಷ್ಟೂ ಅದರ ಸಾಮರ್ಥ್ಯ ಕುಗ್ಗುತ್ತದೆ. ನಮ್ಮಲ್ಲಿ ದಿನಕ್ಕೆ ಹದಿನಾಲ್ಕು ಯೂನಿಟ್ ದಾಟಿದ್ದು ಗಾಳಿ ತಣ್ಣಗಿದ್ದು ಆಕಾಶ ಶುಭ್ರವಾಗಿದ್ದ ಫೆಬ್ರುವರಿಯ ದಿನಗಳಲ್ಲಿ. ಆಷಾಢದ ಜಡಿಮಳೆಯಲ್ಲಿ ಮೂರು ಯೂನಿಟ್ ಬಂದರೆ ಹೆಚ್ಚು. ಇನ್ನು ನೆರಳು. ಮಧ್ಯಾಹ್ನ ಮೂರೂವರೆಗೆ ಹಿಂದಿನ ಮನೆಯ ತೆಂಗಿನ ಗರಿಯ ನೆರಳು ಎರಡು ಫಲಕಗಳ ಮೇಲೆ ಬಾಚಣಿಗೆಯ ಹಲ್ಲುಗಳಂತೆ ಬೀಳುತ್ತದೆ. ನೋಡಲು ಏನೂ ಅಲ್ಲ ಎನ್ನಿಸುವ ನೆರಳು. ಆದರೆ ಅದು ಬಿದ್ದೊಡನೆ ಇನ್ವರ್ಟರ್‌ನ ಪರದೆಯ ಮೇಲೆ 1,700 ವ್ಯಾಟ್‌ನ ಆಸುಪಾಸಿನಲ್ಲಿದ್ದ ಅಂಕಿ 1,200ಕ್ಕೆ ಇಳಿಯುತ್ತದೆ. ಫಲಕಗಳನ್ನು ಸರಪಳಿಯಂತೆ ಜೋಡಿಸಿರುವುದರಿಂದ ಒಂದರ ಕೊರತೆ ಉಳಿದವುಗಳಿಗೂ ತಟ್ಟಬಹುದು. ಹಾಕಿಸುವ ಮುನ್ನ ಒಂದು ಇಡೀ ದಿನ ತಾರಸಿಯ ಮೇಲೆ ನೆರಳು ಎಲ್ಲೆಲ್ಲಿ ಸರಿಯುತ್ತದೆಂದು ಸ್ವತಃ ನೋಡಿಕೊಳ್ಳಿ. ತೊಳೆಯುವುದು ಹದಿನೈದು ದಿನಕ್ಕೊಮ್ಮೆ, ಗಾಜು ಕಾಯುವ ಮುನ್ನ, ಬೆಳಗಿನ ಜಾವ. ನಾವು ಮೊದಮೊದಲು ಬೋರ್‌ವೆಲ್ ನೀರು ಬಳಸಿ ಗಾಜಿನ ಮೇಲೆ ಸುಣ್ಣದಂಥ ಬಿಳಿ ಕಲೆ ಕಟ್ಟಿಸಿಕೊಂಡೆವು. ಈಗ ಕಾವೇರಿ ನೀರನ್ನೇ ಎರಡು ಬಕೆಟ್ ಎತ್ತಿಡುತ್ತೇವೆ.

ಅಳವಡಿಸಿದ ಸಂಸ್ಥೆಯ ಕೆಲಸಗಾರರು ಎರಡೇ ದಿನದಲ್ಲಿ ಅಚ್ಚುಕಟ್ಟಾಗಿ ಕೆಲಸ ಮುಗಿಸಿದರು. ಕಬ್ಬಿಣದ ಚೌಕಟ್ಟು ಗಟ್ಟಿಯಾಗಿದೆ, ಅರ್ಥಿಂಗ್ ಗುಂಡಿಗಳನ್ನು ಕ್ರಮವಾಗಿ ತೋಡಿದ್ದಾರೆ. ಆದರೆ ಅದೇ ಸಂಸ್ಥೆಯ ಕಚೇರಿ ನಮ್ಮನ್ನು ಬಹಳ ನೋಯಿಸಿತು. ಹೊಸ ಮೀಟರ್‌ಗೆ ಕಾಗದಪತ್ರ ಸಲ್ಲಿಸಿದ್ದೇವೆಂದು ಏಳು ವಾರ ಹೇಳುತ್ತಾ ಬಂದವರು, ಕೊನೆಗೆ ನನ್ನದೇ ಒಂದು ಸಹಿ ಬಾಕಿಯಿದ್ದುದನ್ನು ಒಪ್ಪಿಕೊಂಡರು. ಅಷ್ಟು ದಿನವೂ ಫಲಕಗಳು ಬಿಸಿಲಿಗೆ ಸುಮ್ಮನೆ ಮೈಯೊಡ್ಡಿಕೊಂಡಿದ್ದವು.

ಅದಕ್ಕಿಂತ ದೊಡ್ಡ ಲೋಪ ಇನ್ನೊಂದು. ಹೊಸ ಮೀಟರ್ ಬಂದ ವಾರವೇ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಸುಡುಬಿಸಿಲು, ತಾರಸಿಯ ಮೇಲೆ ಆರು ಫಲಕ, ಮನೆಯೊಳಗೆ ಫ್ಯಾನ್ ನಿಂತಿದೆ. "ಸೋಲಾರ್ ಇದೆಯಲ್ಲ, ಫ್ಯಾನ್ ಯಾಕೆ ತಿರುಗ್ತಿಲ್ಲ?" ಎಂದು ಅಮ್ಮ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಸರಳವಾದದ್ದೇ: ಬೀದಿಯ ಕಂಬದ ಮೇಲೆ ಲೈನ್‌ಮನ್ ದುರಸ್ತಿ ಮಾಡುತ್ತಿರುವಾಗ ನಮ್ಮ ಮನೆಯಿಂದ ವಿದ್ಯುತ್ ಆ ತಂತಿಗೆ ಹರಿದರೆ ಅವನ ಪ್ರಾಣಕ್ಕೇ ಅಪಾಯ. ಆದ್ದರಿಂದ ಗ್ರಿಡ್ ನಿಂತೊಡನೆ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಕರೆಂಟ್ ಮರಳಿ ಬಂದ ಮೇಲೂ ಕೆಲವು ನಿಮಿಷ ಕಾದು, ಟಕ್ ಎಂಬ ಸಣ್ಣ ಸದ್ದಿನೊಂದಿಗೆ ಮತ್ತೆ ಎಚ್ಚರಗೊಳ್ಳುತ್ತದೆ. ಈ ಏರ್ಪಾಡು ನ್ಯಾಯವಾದದ್ದು, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು "ಇನ್ನು ಕರೆಂಟಿನ ಚಿಂತೆಯೇ ಇಲ್ಲ, ನಿಮ್ಮ ಮನೆ ಸ್ವಾವಲಂಬಿ" ಎಂದು ಹೇಳಿ ಮಾರಿದ್ದರ ಬಗ್ಗೆ. ಕರೆಂಟ್ ಹೋದಾಗ ದೀಪ ಉರಿಯಲೇಬೇಕೆನ್ನುವವರು ಬ್ಯಾಟರಿಯಿರುವ ಹೈಬ್ರಿಡ್ ವ್ಯವಸ್ಥೆಯನ್ನೇ ಕೇಳಬೇಕು, ಅದಕ್ಕೆ ಹೆಚ್ಚು ದುಡ್ಡು ಬೇಕು. ಹಳೆಯ ಯುಪಿಎಸ್ ಅನ್ನು ಮಾರದೆ ಉಳಿಸಿಕೊಂಡದ್ದರಿಂದ ನಮಗೆ ರಾತ್ರಿಯ ತೊಂದರೆಯಾಗಿಲ್ಲ.

ಸ್ವಾವಲಂಬನೆ ಎಂಬ ಆ ಮಾತು ಆಮೇಲೂ ನನ್ನನ್ನು ಬಿಡಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಂದಿನಿಂದ ನಮ್ಮ ಕಡೆ ಕರೆಂಟ್ ಎಂದರೆ ಎಲ್ಲೋ ಹುಟ್ಟಿ, ದೂರದಿಂದ ಮನೆಗೆ ಬರುವ ವಸ್ತು. ಈಗ ಗೇಟಿನ ಪಕ್ಕದ ಮೀಟರ್‌ನಲ್ಲಿ ಬಂದದ್ದರ ಲೆಕ್ಕವೂ ಹೋದದ್ದರ ಲೆಕ್ಕವೂ ಒಂದಾದ ಮೇಲೊಂದು ಮೂಡುತ್ತವೆ. ಹಗಲು ಹೊತ್ತು ನಮ್ಮಲ್ಲಿ ಹೆಚ್ಚಾದದ್ದು ಬೀದಿಗೆ ಹೋಗುತ್ತದೆ, ಸಂಜೆಯಾದೊಡನೆ ನಾವು ಬೀದಿಯಿಂದ ತರುತ್ತೇವೆ. ನಾವು ಗ್ರಿಡ್‌ನಿಂದ ಬಿಡಿಸಿಕೊಂಡಿಲ್ಲ. ಮೊದಲಿಗಿಂತ ಹೆಚ್ಚು ಅದಕ್ಕೆ ಸೇರಿಕೊಂಡಿದ್ದೇವೆ.

ಮನೆಯ ದಿನಚರಿಯೂ ಬದಲಾಗಿದೆ. ಸಂಜೆ ಏಳಕ್ಕೆ ದೋಸೆ ಹಿಟ್ಟು ರುಬ್ಬುತ್ತಿದ್ದ ಅಮ್ಮ ಈಗ ಬೆಳಿಗ್ಗೆಯೇ ಅಕ್ಕಿ, ಉದ್ದು ನೆನೆಹಾಕಿ ಮಧ್ಯಾಹ್ನ ಎರಡಕ್ಕೆ ಗ್ರೈಂಡರ್ ಹಚ್ಚುತ್ತಾರೆ; ನೀರಿನ ಮೋಟರ್, ಇಸ್ತ್ರಿ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಹಗಲಿಗೆ ಸರಿದಿವೆ. ಈಗಿನ ನೆಟ್ ಮೀಟರಿಂಗ್‌ನಲ್ಲಿ ಹೋದದ್ದನ್ನು ಬಂದದ್ದರಲ್ಲಿ ಕಳೆಯುವುದರಿಂದ ಇದರಿಂದ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಆದರೆ ತಾರಸಿಗಳೆಲ್ಲ ಹೀಗೆ ತುಂಬಿದರೆ ಮಧ್ಯಾಹ್ನ ವಿದ್ಯುತ್ ಉಕ್ಕಿ, ಸಂಜೆ ಎಲ್ಲರೂ ಒಟ್ಟಿಗೆ ಕೈಚಾಚುವ ಹೊತ್ತಿಗೆ ಸಾಲದಾಗುತ್ತದೆ. ಗಂಟೆಗೊಂದು ದರ ಮನೆಗಳಿಗೂ ಬಂದೀತೆಂದು ನನ್ನ ಅಂದಾಜು. ಆಗ ಅಮ್ಮನ ಈ ಅಭ್ಯಾಸಕ್ಕೆ ಬೆಲೆ ಬರುತ್ತದೆ. ಫಲಕಗಳಿಗೆ 25 ವರ್ಷದ ಭರವಸೆ ಕೊಟ್ಟಿದ್ದಾರೆ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆಯಾದರೂ ಬದಲಿಸಬೇಕಾಗುತ್ತದೆ. ಈಗ ನಾಲ್ಕನೆಯ ತರಗತಿಯಲ್ಲಿರುವ ಮಗಳು ಈ ಗಾಜುಗಳನ್ನು ಕೆಳಗಿಳಿಸುವ ಹೊತ್ತಿಗೆ ಅವನ್ನು ಕೊಂಡೊಯ್ದು ಕರಗಿಸಿ ಮತ್ತೆ ಬಳಸುವವರು ಊರೂರಲ್ಲೂ ಇರಬೇಕು. ಆ ಏರ್ಪಾಡು ಈಗಿನಿಂದಲೇ ಬೆಳೆಯಲಿ ಎಂಬುದು ನನ್ನ ಆಸೆ.

ತಿಂಗಳಿಗೆ 250 ಯೂನಿಟ್‌ಗಿಂತ ಹೆಚ್ಚು ಬಳಸುವ, ದಕ್ಷಿಣದ ಕಡೆ ತೆರೆದ ತಾರಸಿಯಿರುವ ಸ್ವಂತ ಮನೆಯವರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ದಕ್ಷಿಣವನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಮನೆಯ ದಕ್ಷಿಣಕ್ಕಿರುವ ಖಾಲಿ ಸೈಟಿನಲ್ಲಿ ಕಳೆದ ವಾರ ಪಾಯಕ್ಕೆ ಸುಣ್ಣದ ಗೆರೆ ಎಳೆದಿದ್ದಾರೆ. ಎಷ್ಟು ಅಂತಸ್ತು ಎಂದು ಕೇಳಿದಾಗ ಯಜಮಾನರು "ಸದ್ಯಕ್ಕೆ ಎರಡು ಸ್ವಾಮಿ, ಮುಂದೆ ನೋಡೋಣ" ಎಂದರು. ಧನುರ್ಮಾಸದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಆ ಗೋಡೆಯ ನೆರಳು ಎಲ್ಲಿಯವರೆಗೆ ಬಂದೀತೆಂದು ನಾವಿಬ್ಬರೂ ತಾರಸಿಯ ಮೇಲೆ ನಿಂತು ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಮೊದಲ ಫಲಕವನ್ನು ಮುಟ್ಟಲು ಇನ್ನೂ ಎರಡು ಅಡಿ ಇರುವಾಗಲೇ ಗುರುತು ನಿಂತಿತು. ಅವರ ಮನೆಗೂ ಫಲಕ ಹಾಕಿಸಲು ಎಷ್ಟು ಖರ್ಚಾಗುತ್ತದೆಂದು ಕೇಳಿಕೊಂಡು ಹೋದರು.