ಹತ್ತು ಪ್ಯಾಡ್‌ನ ಯೂರಿನ್ ಸ್ಟ್ರಿಪ್: ಗುಲಾಬಿ ಬಂದರೆ ಲೆಕ್ಕಕ್ಕೆ ತಗೊಳ್ಳಿ, ಬರದಿದ್ದರೆ ನೆಮ್ಮದಿ ಪಡಬೇಡಿ

ವಿಜಯಪುರದ ಸರ್ಜಿಕಲ್ ಅಂಗಡಿಯಲ್ಲಿ, ಮೂತ್ರದಲ್ಲಿ ಅದ್ದಿ ಬಣ್ಣ ನೋಡಿ ಮೂತ್ರಸೋಂಕು ಅಂದಾಜಿಸುವ ಯೂರಿನ್ ಸ್ಟ್ರಿಪ್ ಕೇಳಿದರೆ ಸಾಮಾನ್ಯವಾಗಿ ಸಿಗುವುದು 100 ಪಟ್ಟಿಗಳ ಡಬ್ಬಿ. ಸಣ್ಣ ದವಾಖಾನೆಗೆ ಒಳ್ಳೆಯ ಸಾಮಾನು, ಮನೆಗೆ ಅಷ್ಟಕ್ಕಷ್ಟೆ. ಡಬ್ಬಿ ತೆರೆದ ಮೇಲೆ ಹಲವು ಕಂಪನಿಗಳ ಪಟ್ಟಿಗೆ 3 ತಿಂಗಳಷ್ಟೇ ಆಯುಷ್ಯ, ಮನೆಯವರು ಅಷ್ಟರಲ್ಲಿ ನಾಲ್ಕು ಪಟ್ಟಿ ಬಳಸಿದರೆ ಹೆಚ್ಚು. ಹಾಗಂತ ಬಿಡಿ ಪಟ್ಟಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರೆ ಮುಟ್ಟಬೇಡಿ. ಪಟ್ಟಿಯ ಮೇಲಿನ ರಸಾಯನದ ಚೌಕಗಳೇ ಪ್ಯಾಡ್. ಗಾಳಿ, ತೇವ ತಾಗಿದರೆ, ಅವುಗಳಲ್ಲಿ ಸೋಂಕಿಗೆ ಗುಲಾಬಿಯಾಗುವ ನೈಟ್ರೈಟ್ ಪ್ಯಾಡ್ ಮೂತ್ರದಲ್ಲಿ ಏನೂ ಇಲ್ಲದಿದ್ದರೂ ಗುಲಾಬಿಯಾಗಬಹುದು. ಇಡಬೇಕಾದದ್ದು 2ರಿಂದ 30 ಡಿಗ್ರಿಯೊಳಗೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಡಬ್ಬಿಯನ್ನು ನಂಬಲಾಗದು. ಫ್ರಿಜ್ ಕೂಡ ಬೇಡ. ಹೊರಗೆ ತೆಗೆದಾಗ ಒಳಗೆ ಬೆವರು ಕೂರುತ್ತದೆ.

ಹತ್ತು ಪ್ಯಾಡ್‌ಗಳಲ್ಲಿ ಮೂತ್ರಸೋಂಕಿಗೆ ಬೇಕಾದವು ಎರಡೇ: ನೈಟ್ರೈಟ್ ಮತ್ತು ಲ್ಯೂಕೋಸೈಟ್ (ಬಿಳಿರಕ್ತಕಣ). ರಕ್ತದ ಪ್ಯಾಡ್ ಪಕ್ಕವಾದ್ಯ. ಪಟ್ಟಿಯನ್ನು ಒಂದೇ ಕ್ಷಣ ಅದ್ದಿ, ಲೋಟದ ಅಂಚಿಗೆ ಎಳೆದು, ಬದಿಯನ್ನು ಟಿಶ್ಯೂ ಕಾಗದಕ್ಕೆ ಒತ್ತಿ ಅಡ್ಡ ಹಿಡಿಯಬೇಕು. ನೆಟ್ಟಗೆ ಹಿಡಿದರೆ ಒಂದು ಪ್ಯಾಡ್‌ನ ರಸಾಯನ ಇನ್ನೊಂದಕ್ಕೆ ಇಳಿದು ಬಣ್ಣ ಕೆಡುತ್ತದೆ. ನೈಟ್ರೈಟ್ ಓದುವುದು 60ನೇ ಸೆಕೆಂಡಿಗೆ, ಲ್ಯೂಕೋಸೈಟ್ 120ಕ್ಕೆ. ಐದು ನಿಮಿಷ ಬಿಟ್ಟು ನೋಡಿದ ಬಣ್ಣಕ್ಕೆ ಅರ್ಥವಿಲ್ಲ. ನೈಟ್ರೈಟ್ ಪ್ಯಾಡ್ ಪೂರ್ತಿ ತಿಳಿ ಗುಲಾಬಿಯಾದರೂ ಪಾಸಿಟಿವ್, ಅಂಚಿನಲ್ಲಷ್ಟೇ ಗುಲಾಬಿ ಗೆರೆ ಬಂದರೆ ಅಲ್ಲ.

ಈ ಪಟ್ಟಿಯ ದೊಡ್ಡ ಕೊರತೆ ಇರುವುದೂ ಇದೇ ಪ್ಯಾಡ್‌ನಲ್ಲಿ. ಅದು ಬ್ಯಾಕ್ಟೀರಿಯಾವನ್ನೇ ಕಾಣುವುದಿಲ್ಲ. ನಾವು ತಿನ್ನುವ ಸೊಪ್ಪು, ತರಕಾರಿಯಿಂದ ಮೂತ್ರಕ್ಕೆ ಬರುವ ನೈಟ್ರೇಟನ್ನು ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಪ್ಯಾಡ್ ಹಿಡಿಯುವುದು ಅದನ್ನು. ಆ ಕೆಲಸಕ್ಕೆ ಮೂತ್ರವು ಮೂತ್ರಕೋಶದಲ್ಲಿ ಸುಮಾರು 4 ತಾಸು ನಿಲ್ಲಬೇಕು. ಸೋಂಕಾದವರೋ ಅರ್ಧ ತಾಸಿಗೊಮ್ಮೆ ಕಾಲ್ಮಡಿಯಲು ಏಳುತ್ತಾರೆ! ಹೀಗಾಗಿ ಸೋಂಕಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಗುಲಾಬಿ ಬರುತ್ತದೆ. ಎಂಟೆರೋಕಾಕಸ್ ಮತ್ತು ಸ್ಟ್ಯಾಫಿಲೋಕಾಕಸ್ ಸ್ಯಾಪ್ರೊಫಿಟಿಕಸ್‌ಗೆ ಈ ವಿದ್ಯೆಯೇ ಗೊತ್ತಿಲ್ಲ, ಎಷ್ಟು ಹೊತ್ತು ಕಾದರೂ ಪ್ಯಾಡ್ ಬಿಳಿಯಾಗೇ ಇರುತ್ತದೆ. ಬೆಳಗಿನ ಮೊದಲ ಮೂತ್ರವೇ ಬೇಕೆನ್ನುವುದು ಮೇಲೆ ಹೇಳಿದ ಆ 4 ತಾಸಿಗಾಗಿ.

ಲ್ಯೂಕೋಸೈಟ್ ಪ್ಯಾಡ್ ಬಿಳಿರಕ್ತಕಣದ ಕಿಣ್ವಕ್ಕೆ ನೇರಳೆಯಾಗುತ್ತದೆ. ಬಿಳಿಸೆರಗು ಬೆರೆತರೂ ನೇರಳೆಯೇ. ಉಲ್ಟಾ ತೊಂದರೆಯೂ ಉಂಟು: ನೀರು ಕಡಿಮೆ ಕುಡಿದು ಗಟ್ಟಿಯಾದ ಮೂತ್ರದಲ್ಲಿ, ಸಕ್ಕರೆ ತುಂಬಿದ ಮೂತ್ರದಲ್ಲಿ ಬಣ್ಣ ಮಂಕು. ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್ ಗುಳಿಗೆ ನುಂಗುವವರ ಮೂತ್ರದಲ್ಲಿ ಸಕ್ಕರೆ ಯಾವಾಗಲೂ ಇರುತ್ತದೆ, ಅವರ ಲ್ಯೂಕೋಸೈಟ್ ಪ್ಯಾಡನ್ನು ಅನುಮಾನದಿಂದಲೇ ನೋಡಬೇಕು. ವಿಟಮಿನ್ ಸಿ ಹೆಚ್ಚಾದರೆ ನೈಟ್ರೈಟ್, ರಕ್ತ ಎರಡೂ ಪ್ಯಾಡ್ ಸುಳ್ಳು ಹೇಳುತ್ತವೆ. ಇಂಡಿ ಲಿಂಬೆಯ ಒಂದು ಲೋಟ ಶರಬತ್ತಿನ ಚಿಂತೆ ಬೇಡ, 500 ಮಿ.ಗ್ರಾಂ. ಚೀಪುವ ಗುಳಿಗೆಯದು ಇರಲಿ. ಉರಿಗೆ ಕೊಡುವ ಫೆನಜೋಪಿರಿಡಿನ್ ನುಂಗಿದ್ದರೆ ಮೂತ್ರವೇ ಕಿತ್ತಳೆ, ಪಟ್ಟಿ ಅದ್ದಿ ಉಪಯೋಗವಿಲ್ಲ.

ನೈಟ್ರೈಟ್, ಲ್ಯೂಕೋಸೈಟ್ ಎರಡೂ ಪ್ಯಾಡ್ ಪಾಸಿಟಿವ್, ಜೊತೆಗೆ ಉರಿ, ಪದೇ ಪದೇ ಹೋಗಬೇಕೆನ್ನುವ ಒತ್ತಡ ಇದ್ದರೆ ಸೋಂಕು ಬಹುಮಟ್ಟಿಗೆ ಖಚಿತ. ಉರಿಯೂ ಇಲ್ಲ, ಜ್ವರವೂ ಇಲ್ಲ, ಪಟ್ಟಿ ಮಾತ್ರ ಬಣ್ಣ ತಿರುಗಿದೆ ಅನ್ನುವುದು ಬೇರೆ ಮಾತು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ತೊಂದರೆ ಕೊಡದೆ ಬ್ಯಾಕ್ಟೀರಿಯಾ ಮೂತ್ರದಲ್ಲಿ ವಾಸ ಮಾಡುವುದು ಸಾಮಾನ್ಯ, ಅದಕ್ಕೆ ಆಂಟಿಬಯಾಟಿಕ್ ಬೇಡ. ಕೊಟ್ಟರೆ ಸಿಗುವ ಲಾಭ ಮುಂದಿನ ಸಲ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ. ಗರ್ಭಿಣಿಯರು, ಮೂತ್ರಮಾರ್ಗದ ಶಸ್ತ್ರಚಿಕಿತ್ಸೆಗೆ ಹೊರಟವರು ಇದಕ್ಕೆ ಹೊರತು. ಗರ್ಭಿಣಿಗೆ ಲಕ್ಷಣ ಇಲ್ಲದಿದ್ದರೂ ಚಿಕಿತ್ಸೆ ಬೇಕು, ಪರೀಕ್ಷೆಯೂ ಪಟ್ಟಿಯಲ್ಲಲ್ಲ, ಕಲ್ಚರ್‌ನಲ್ಲೇ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು) ಆಗಬೇಕು.

ಕಲ್ಚರ್‌ಗೆ ಕೊಡುವ ಮೂತ್ರವನ್ನು ಆಂಟಿಬಯಾಟಿಕ್‌ನ ಮೊದಲ ಗುಳಿಗೆಗಿಂತ ಮುಂಚೆ ಹಿಡಿಯಬೇಕು. ಮೊದಲ ಧಾರೆ ಬಿಟ್ಟು ನಡುವಿನದು, ಲ್ಯಾಬ್ ಕೊಟ್ಟ ಸ್ಟೆರೈಲ್ ಡಬ್ಬಿಯಲ್ಲೇ. ತೊಳೆದ ಟಾನಿಕ್ ಬಾಟಲಿ ನಡೆಯದು. ಸಿಂದಗಿ, ಮುದ್ದೇಬಿಹಾಳದಿಂದ ಬಸ್ಸಿನಲ್ಲಿ ತರುವವರು ಐಸ್ ಇಟ್ಟ ಚೀಲದಲ್ಲಿ ತರಲಿ. ಅನುಕೂಲದ ಶಾಖದಲ್ಲಿ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು, ಬಸ್ಸಿನಲ್ಲಿ ಬೆಳೆದದ್ದನ್ನೂ ಲ್ಯಾಬ್ ಎಣಿಸುತ್ತದೆ. ಫ್ರಿಜ್‌ನಲ್ಲಾದರೆ 24 ತಾಸು ತಡೆಯುತ್ತದೆ. ರಿಪೋರ್ಟಿನಲ್ಲಿ ಮಿಲಿಲೀಟರಿಗೆ 1,00,000 ಬ್ಯಾಕ್ಟೀರಿಯಾ ಎಂದಿದ್ದರೆ, ತಟ್ಟೆಗೆ ಹಚ್ಚಿದ ಮಿಲಿಲೀಟರಿನ ಸಾವಿರದ ಒಂದು ಭಾಗದಲ್ಲಿ 100 ಚುಕ್ಕೆ ಬೆಳೆದಿವೆ ಎಂದರ್ಥ. ಮೂರ್ನಾಲ್ಕು ಜಾತಿ ಒಟ್ಟಿಗೆ ಬೆಳೆದಿದ್ದರೆ ಅದು ಬಹುತೇಕ ಹಿಡಿಯುವಾಗಿನ ಕಲಬೆರಕೆ, ಮತ್ತೆ ಕೊಡಿ.

ಚಳಿಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ ಇದ್ದರೆ ಸೋಂಕು ಕಿಡ್ನಿಗೆ ಏರಿರಬಹುದು. ಆಗ ಡಬ್ಬಿಯ ಮುಚ್ಚಳ ತೆರೆಯುತ್ತ ಕೂರದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.