ಪುಸ್ತಕ, ಡಬ್ಬಿ, ಶೀಟ್: ನಮ್ಮ ಚಕ್ಕುಲಿ ಅಂಗಡಿಯ ಬಜೆಟ್‌ಗೆ ಯಾವುದು ಸರಿಹೋಯಿತು?

ಮೈಸೂರಿನ ಅಗ್ರಹಾರದಲ್ಲಿ ನಮ್ಮದು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನ ಸಣ್ಣ ಅಂಗಡಿ. 2024ರ ಯುಗಾದಿಯಿಂದ ದೀಪಾವಳಿವರೆಗೆ ಬಜೆಟ್‌ಗೆ ಮೂರು ದಾರಿಗಳನ್ನು ಒಟ್ಟಿಗೇ ನಡೆಸಿ ನೋಡಿದೆವು. ಅತ್ತೆ ಲೆಕ್ಕದ ಪುಸ್ತಕ ಬರೆದರು. ನಮ್ಮೆಜಮಾನರು ಡಬ್ಬಿಗಳಲ್ಲಿ ದುಡ್ಡು ಹಂಚಿಟ್ಟರು. ನಾನು ಫೋನಿನಲ್ಲಿ ಗೂಗಲ್ ಶೀಟ್ ಮಾಡಿಕೊಂಡೆ, ಅಂದರೆ ಒಂದು ಅಂಕಿ ಬದಲಿಸಿದರೆ ಉಳಿದ ಲೆಕ್ಕ ತಾನೇ ಬದಲಾಗುವ ಪಟ್ಟಿ.

ಅತ್ತೆಯ ಪುಸ್ತಕದಲ್ಲಿ ಒಂದು ರೂಪಾಯಿಯೂ ತಪ್ಪುವುದಿಲ್ಲ. ಸಂತೇಪೇಟೆಯಿಂದ ತಂದ ಅಕ್ಕಿ, ಉದ್ದು, ಆಟೋ ಬಾಡಿಗೆ ಎಲ್ಲ ಇರುತ್ತದೆ. ಆದರೆ ಅದರಲ್ಲಿರುವುದು ಆಗಿಹೋದ ಖರ್ಚು. ಆಷಾಢದಲ್ಲಿ ಮದುವೆ ಆರ್ಡರ್ ಬರಲ್ಲ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಆದರೂ ಆ ತಿಂಗಳ ಬಾಡಿಗೆಗೆ ಪುಸ್ತಕ ನೋಡಿ ನಾವು ಏನೂ ಎತ್ತಿಟ್ಟಿರಲಿಲ್ಲ.

ಡಬ್ಬಿ ಕೈ ಕಟ್ಟುತ್ತದೆ, ಅದೇ ಅದರ ದೊಡ್ಡ ಗುಣ. ಬಾಡಿಗೆ ಡಬ್ಬಿಗೆ ಯಾರೂ ಕೈ ಹಾಕಲಿಲ್ಲ. ಆದರೆ ಈಗ ಗಿರಾಕಿಗಳು ಜಾಸ್ತಿ ಫೋನ್‌ಪೇ ಮಾಡುತ್ತಾರೆ. ಡಬ್ಬಿ ತುಂಬಿಸಲು ವಾರವಾರ ಎಟಿಎಂಗೆ ಓಡಬೇಕಾಯಿತು.

ಶೀಟ್‌ನ ಬೆಲೆ ಗೊತ್ತಾಗಿದ್ದು ಗಣೇಶನ ಹಬ್ಬ ಮುಗಿದ ಮೇಲೆ. ಸೆಪ್ಟೆಂಬರ್ 14ರಿಂದ ಕೇಂದ್ರ ಸರ್ಕಾರ ಸೂರ್ಯಕಾಂತಿ, ತಾಳೆ, ಸೋಯಾ ಕಚ್ಚಾ ಎಣ್ಣೆಗೆ ಸೊನ್ನೆ ಇದ್ದ ಮೂಲ ಆಮದು ಸುಂಕವನ್ನು ಶೇ. 20ಕ್ಕೆ ಏರಿಸಿತು. ರಿಫೈನ್ಡ್ ಎಣ್ಣೆಯದು ಶೇ. 12.5 ಇದ್ದದ್ದು 32.5 ಆಯಿತು. ದಸರಾ ಹತ್ತಿರ ಬಂದಿತ್ತು. 15 ಕೆಜಿ ಟಿನ್‌ಗೆ ನಮಗೆ 400 ರೂಪಾಯಿ ಹೆಚ್ಚು ಬಿತ್ತು. ಎಣ್ಣೆಗೆ ಅಂತ ಡಬ್ಬಿಯಲ್ಲಿಟ್ಟ ದುಡ್ಡು ಸಾಲಲಿಲ್ಲ. ಪುಸ್ತಕಕ್ಕೆ ಹೊಸ ದರ ಬಂದಿದ್ದು ಎಣ್ಣೆ ತಂದ ಮೇಲಷ್ಟೇ. ಶೀಟ್‌ನಲ್ಲಿ ಎಣ್ಣೆಯ ದರ ಒಂದನ್ನೇ ಬದಲಿಸಿದೆ. ಒಂದು ಟಿನ್‌ಗೆ ನಮ್ಮಲ್ಲಿ ಸುಮಾರು 50 ಕೆಜಿ ಚಕ್ಕುಲಿ ಆಗುತ್ತದೆ, ಅಂದರೆ ಕೆಜಿಗೆ 8 ರೂಪಾಯಿ ಹೊರೆ. ಅವತ್ತೇ ಹೊಸ ಆರ್ಡರ್‌ಗಳಿಗೆ ಕೆಜಿಗೆ 10 ರೂಪಾಯಿ ಏರಿಸಿದೆವು. ಮೊದಲೇ ಒಪ್ಪಿಕೊಂಡವರಿಗೆ ಹಳೇ ದರಕ್ಕೇ ಕೊಟ್ಟೆವು. ಮಾತು ಕೊಟ್ಟಾಗಿತ್ತು.

ಹಾಗಂತ ಶೀಟ್ ಒಂದೇ ಸಾಕು ಅನ್ನಲಾರೆ. ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟೋಕೆ ಆಗಲ್ಲ. ನಾಲ್ಕು ದಿನ ತುಂಬದಿದ್ದರೆ ಶೀಟ್ ಇದ್ದೂ ಸುಮ್ನೆ. ಹೊಸದಾಗಿ ಅಂಗಡಿ ಇಡುವವರು ಮೊದಲ ಮೂರು ತಿಂಗಳು ಪುಸ್ತಕವನ್ನೇ ಬರೆಯಲಿ. ಅದಿಲ್ಲದೆ ಶೀಟ್‌ಗೆ ಹಾಕುವ ಅಂದಾಜು ಬರೀ ಊಹೆ.

ಈಗ ನಮ್ಮಲ್ಲಿ ಹಗಲು ಅತ್ತೆಯ ಪುಸ್ತಕ, ಭಾನುವಾರ ರಾತ್ರಿ ನನ್ನ ಶೀಟ್. ಡಬ್ಬಿಗಳ ಬದಲು ಬ್ಯಾಂಕಿನಲ್ಲಿ ಇನ್ನೊಂದು ಖಾತೆ ತೆರೆದಿದ್ದೇವೆ. ಪ್ರತಿ ಸೋಮವಾರ ಬಾಡಿಗೆಯ ಪಾಲು ಅದಕ್ಕೆ ಹೋಗುತ್ತದೆ, ಜೊತೆಗೆ ಆಷಾಢಕ್ಕೆ ಅಂತ 500 ರೂಪಾಯಿ.